ಕೆಲಸದ ಜೊತೆ ಹೈಬ್ರಿಡ್ ಎಂ.ಎಸ್.: ಗೊತ್ತಿರುವವರು ಹೇಳಿ

ಪ್ರಶ್ನೆ: ಕೆಲಸ ಬಿಡದೆ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಮಾಡಬೇಕು ಅಂತಿದ್ದೇನೆ. ಪಾಠ ಆನ್‌ಲೈನ್, ಲ್ಯಾಬ್ ಮತ್ತು ಕೆಲವು ಪರೀಕ್ಷೆ ಮಾತ್ರ ಕ್ಯಾಂಪಸ್‌ನಲ್ಲಿ. ಎಷ್ಟು ಕೋರ್ಸ್ ತಗೊಳ್ಳಲಿ? ಜನ ಎಲ್ಲಿ ಎಡವುತ್ತಾರೆ?

ಉತ್ತರ 1: ಮೊದಲ ಸೆಮಿಸ್ಟರ್‌ಗೆ ಒಂದೇ ಸಾಕು. ಒಂದು ಕೋರ್ಸ್‌ಗೆ ವಾರಕ್ಕೆ 10ರಿಂದ 20 ಗಂಟೆ ಬೇಕು. ವಿಡಿಯೋ ಪಾಠ ಎರಡು ಮೂರು ಗಂಟೆಯಲ್ಲಿ ಮುಗಿಯುತ್ತೆ, ಉಳಿದದ್ದನ್ನೆಲ್ಲ ಪ್ರಾಜೆಕ್ಟ್ ನುಂಗುತ್ತೆ. 2014ರಲ್ಲಿ ಶುರುವಾದ ಜಾರ್ಜಿಯಾ ಟೆಕ್‌ನ ಆನ್‌ಲೈನ್ ಎಂ.ಎಸ್. 10 ಕೋರ್ಸ್, 30 ಕ್ರೆಡಿಟ್‌ನದ್ದು. ವರ್ಷಕ್ಕೆ ಮೂರರಂತೆ ಮುಗಿಸಿದರೂ ಮೂರು ವರ್ಷ ದಾಟುತ್ತೆ. ಅವಸರ ಬೇಡ.

ಉತ್ತರ 2: ಸೇರುವ ಮುಂಚೆ ಸಿ ಭಾಷೆಯ ಪಾಯಿಂಟರ್ (ಮೆಮೊರಿ ವಿಳಾಸ ಹಿಡಿದಿಡೋ ವೇರಿಯಬಲ್) ಗಟ್ಟಿ ಮಾಡ್ಕೊಳ್ಳಿ, ಕೋಡ್‌ನ ತಪ್ಪು ಹುಡುಕೋ ಜಿಡಿಬಿ ಮತ್ತು ಮೆಮೊರಿ ಬಳಕೆಯ ತಪ್ಪು ಹಿಡಿಯೋ ವ್ಯಾಲ್‌ಗ್ರೈಂಡ್ ಕೈಗೆ ಹತ್ತಲಿ. ಆಪರೇಟಿಂಗ್ ಸಿಸ್ಟಮ್ಸ್ ಕೋರ್ಸ್‌ನಲ್ಲಿ ಇವನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಲ್ಲ. ಆಲ್ಗರಿದಮ್ಸ್‌ನಲ್ಲಿ ಕೋಡ್ ಓಡಿದರೆ ಸಾಲದು. ಡೈನಾಮಿಕ್ ಪ್ರೋಗ್ರಾಮಿಂಗ್ (ಚಿಕ್ಕ ಲೆಕ್ಕಗಳ ಉತ್ತರ ಟೇಬಲ್‌ನಲ್ಲಿಟ್ಟು ದೊಡ್ಡದನ್ನು ಬಿಡಿಸೋ ವಿಧಾನ) ಲೆಕ್ಕದಲ್ಲಿ ಟೇಬಲ್‌ನ ಒಂದು ಮನೆಯಲ್ಲಿರೋ ಸಂಖ್ಯೆಯ ಅರ್ಥವೇನು ಅಂತ ಮೊದಲು ಒಂದು ವಾಕ್ಯದಲ್ಲಿ ಬರೆಯಿರಿ. ಆಮೇಲೆ ಬೇಸ್ ಕೇಸ್ (ನೇರವಾಗಿ ಉತ್ತರ ಗೊತ್ತಿರೋ ಅತಿ ಚಿಕ್ಕ ಲೆಕ್ಕ), ರಿಕರೆನ್ಸ್ (ಚಿಕ್ಕ ಉತ್ತರಗಳಿಂದ ದೊಡ್ಡದು ಬರೋ ಸೂತ್ರ), ಎಷ್ಟು ಸಮಯ ಹಿಡಿಯುತ್ತೆ ಅನ್ನೋ ಲೆಕ್ಕ. ಆ ಮೊದಲ ವಾಕ್ಯ ತಪ್ಪಿದರೆ ಕೆಳಗಿನದ್ದೆಲ್ಲ ತಪ್ಪುತ್ತೆ, ಅಂಕ ಹೋಗೋದೂ ಹೆಚ್ಚಾಗಿ ಅಲ್ಲೇ.

ಉತ್ತರ 3: ಪ್ರಾಜೆಕ್ಟ್ ಕೊಟ್ಟ ದಿನವೇ ಕೋಡ್ ಬರೆಯದಿದ್ದರೂ ಪರವಾಗಿಲ್ಲ, ಅವರು ಕೊಟ್ಟ ವರ್ಚುವಲ್ ಮಷೀನ್ (ನಿಮ್ಮ ಕಂಪ್ಯೂಟರ್ ಒಳಗೆ ಓಡೋ ಇನ್ನೊಂದು ಕಂಪ್ಯೂಟರ್‌ನಂಥ ತಂತ್ರಾಂಶ) ಮಾತ್ರ ಅವತ್ತೇ ಓಡಿಸಿ ನೋಡಿ. ಅದು ಎಕ್ಸ್86 ಬಗೆಯ ಚಿಪ್‌ಗೆ ಕಟ್ಟಿದ್ದಾಗಿದ್ದು ನಿಮ್ಮದು ಬೇರೆ ಬಗೆಯ, ಎಆರ್‌ಎಂ ಚಿಪ್‌ನ ಲ್ಯಾಪ್‌ಟಾಪ್ ಆಗಿದ್ದರೆ ಬೂಟ್ ಆಗಲ್ಲ, ಎಮ್ಯುಲೇಷನ್‌ನಲ್ಲಿ (ಆ ಚಿಪ್ ಅನ್ನು ತಂತ್ರಾಂಶದಲ್ಲೇ ಅನುಕರಿಸಿ) ಓಡಿಸಿದರೆ ತೆವಳುತ್ತೆ. ತಾನಾಗಿ ಅಂಕ ಹಾಕೋ ಆಟೋಗ್ರೇಡರ್‌ಗೆ ಸಬ್‌ಮಿಟ್ ಮಾಡೋಕೆ ಹಲವು ಕಡೆ ಮಿತಿ ಇರುತ್ತೆ, ಕೊನೆಯ ರಾತ್ರಿ ಸಾಲೂ ಉದ್ದ. ಕೋಡ್ ಇಡೋ ಗಿಟ್ ರೆಪಾಸಿಟರಿ ಪ್ರೈವೇಟ್ ಇರಲಿ. ಸ್ಟ್ಯಾನ್‌ಫರ್ಡ್‌ನ ಮಾಸ್ ಅನ್ನೋ, ನಕಲು ಹುಡುಕೋ ತಂತ್ರಾಂಶ ಕೋಡ್‌ನ ಹೆಣಿಗೆಯನ್ನೇ ಹೋಲಿಸುತ್ತೆ. ವೇರಿಯಬಲ್ ಹೆಸರು ಬದಲಿಸಿದ ನಕಲೂ ಸಿಕ್ಕಿಬೀಳುತ್ತೆ, ನಿಮ್ಮ ಕೋಡ್ ಬಹಿರಂಗವಾಗಿದ್ದರೆ ವಿಚಾರಣೆಗೆ ನಿಮ್ಮನ್ನೂ ಕರೆಯಬಹುದು.

ಉತ್ತರ 4: ಕ್ಯಾಂಪಸ್ ದಿನಾಂಕಗಳನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಕೇಳಿ ರಜೆ ಹಾಕಿ. ಬೇರೆಯವರ ಜೊತೆ ಮಾಡುವ ಹಾರ್ಡ್‌ವೇರ್ ಲ್ಯಾಬ್ ತಪ್ಪಿದರೆ ಮತ್ತೆ ಸಿಗೋದು ಕಷ್ಟ. ಮನೆಯಿಂದ ಬರೆಯೋ ಪರೀಕ್ಷೆಗೆ ಕಚೇರಿ ಲ್ಯಾಪ್‌ಟಾಪ್ ಬೇಡವೇ ಬೇಡ, ಅಡ್ಮಿನ್ ಅನುಮತಿ ಇಲ್ಲದೆ ನಿಗಾ ತಂತ್ರಾಂಶ ಇನ್‌ಸ್ಟಾಲ್ ಆಗಲ್ಲ. ಎರಡನೇ ಮಾನಿಟರ್ ಇದ್ದರೆ ಮೇಜಿನಿಂದ ತೆಗೆದಿಡಿ. ಡೆಡ್‌ಲೈನ್ ಯಾವ ದೇಶದ ಗಡಿಯಾರದ್ದು ಅಂತಲೂ ನೋಡಿ: ಡೇಲೈಟ್ ಸೇವಿಂಗ್ ಇರುವ ಕಡೆ ವರ್ಷಕ್ಕೆ ಎರಡು ಸಲ ಅದು ಒಂದು ಗಂಟೆ ಅತ್ತಿತ್ತ ಜರುಗುತ್ತೆ.