ಸಹಾಯ ಬೇಕು: ಕೆಲಸದ ಪ್ರೊಫೈಲ್ ಫೋಟೋಗೆ ಸ್ಟುಡಿಯೋನಾ, ಫೋನ್ ಸಾಕಾ?

ಎಲ್ರಿಗೂ ನಮಸ್ಕಾರ. ನಮ್ಮಕ್ಕ ಮಗು ಆದ್ಮೇಲೆ ಬಿಟ್ಟಿದ್ದ ಅಕೌಂಟ್ಸ್ ಕೆಲಸಕ್ಕೆ ಈಗ ಮತ್ತೆ ಟ್ರೈ ಮಾಡ್ತಿದಾಳೆ, ಮೈಸೂರಾದ್ರೂ ಸರಿ ಬೆಂಗಳೂರಾದ್ರೂ ಸರಿ, ಲಿಂಕ್ಡ್‌ಇನ್‌ಗೆ ಒಂದು ಒಳ್ಳೆ ಫೋಟೋ ಬೇಕು. ಮನೆ ಹತ್ರದ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಥರಾನೇ ಬಿಳಿ ಪರದೆ ಮುಂದೆ ಕೂರ್ಸಿ, ಆಮೇಲೆ ಮುಖ ಬೆಳ್ಳಗೆ ನುಣ್ಣಗೆ ಮಾಡಿ ಕೊಡ್ತಾರೆ, ಅದ್ರಲ್ಲಿ ಅವಳು ಅವಳ ಥರಾನೇ ಕಾಣಲ್ಲ, ನಂಗಂತೂ ಅದು ಇಷ್ಟ ಇಲ್ಲ.

ಸೆಲ್ಫಿಲಿ ಕೈ ಅಳತೆ ದೂರದಿಂದ ತೆಗೆಯೋದ್ರಿಂದ ಮೂಗು ದಪ್ಪ ಕಾಣುತ್ತೆ. ಅದಕ್ಕೆ ನಾನೇ ಸ್ವಲ್ಪ ದೂರ ನಿಂತು ಹಿಂದಿನ ಕ್ಯಾಮೆರಾದಲ್ಲಿ 2ಎಕ್ಸ್ ಝೂಮ್ ಹಾಕಿ, ಬೆಳಿಗ್ಗೆ ಹೊತ್ತು ಕಿಟಕಿ ಕಡೆ ಮುಖ ಮಾಡ್ಸಿ ತೆಗೀತಿದೀನಿ, ಬೆಳಕು ನಿಜಕ್ಕೂ ಚೆನ್ನಾಗ್ ಬರುತ್ತೆ. ಆದ್ರೆ ಕನ್ನಡಕದ ಗ್ಲಾಸಲ್ಲಿ ಕಿಟಕಿ ಸರಳು ಪೂರ್ತಿ ಕಾಣ್ಸುತ್ತೆ, ಹಿಂದಿರೋದನ್ನ ಮಸುಕು ಮಾಡೋ ಪೋರ್ಟ್ರೇಟ್ ಮೋಡ್ ಹಾಕಿದ್ರೆ ಕಿವಿ ಹತ್ರ ಗುಂಗುರು ಕೂದಲು ಕತ್ತರಿಸ್ದಂಗೆ ಮಾಯ ಆಗುತ್ತೆ.

ಕನ್ನಡಕ ತೆಗೀದೇ ಆ ರಿಫ್ಲೆಕ್ಷನ್ ಹೋಗ್ಸೋದು ಹೇಗೆ? ಅವಳು ದಿನಾ ಹಾಕೋದ್ರಿಂದ ತೆಗೆದ್ರೆ ಇಂಟರ್‌ವ್ಯೂಲಿ ಬೇರೆ ಥರ ಕಾಣ್ತಾಳೆ. ಕಾಟನ್ ಸೀರೆ ನಡಿಯುತ್ತಾ, ಇಲ್ಲಾ ಫಾರ್ಮಲ್ ಶರ್ಟೇ ಬೇಕಾ? ಎಚ್‌ಆರ್‌ನಲ್ಲಿ ಇರೋರು ದಯವಿಟ್ಟು ಹೇಳಿ. ಇನ್ನು ಮೈಸೂರಲ್ಲಿ ಮುಖ ತಿದ್ದದೆ, ಇರೋ ಬಣ್ಣದಲ್ಲೇ ಹೆಡ್‌ಶಾಟ್ (ಮುಖ, ಭುಜ ಕಾಣೋ ಫೋಟೋ) ತೆಗೆಯೋರು ಯಾರಾದ್ರೂ ಗೊತ್ತಿದ್ರೆ ರೇಟ್ ಎಷ್ಟು ಅಂತಾನೂ ಹಾಕಿ, ದುಡ್ಡು ಕೊಡೋಕೆ ರೆಡಿ ಇದೀವಿ. ಮುಂದಿನ ವಾರ ಅಪ್ಲಿಕೇಶನ್ ಕಳಿಸ್ಬೇಕು, ಅಷ್ಟರೊಳಗೆ ಗೊತ್ತಾದ್ರೆ ತುಂಬಾ ಉಪಕಾರ ಆಗುತ್ತೆ.