ಅಡಿಕೆ ಅಂಗಡಿಯ ಲೆಕ್ಕಕ್ಕೆ ಯಾವ ಕ್ಲೌಡ್?

ಪ್ರಶ್ನೆ (ಬದಿಯಡ್ಕದ ಸದಸ್ಯರು):

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ, ಕಾಳುಮೆಣಸು ಮತ್ತು ಕೊಕ್ಕೋ ಖರೀದಿಸುವ ಪಾಲುದಾರಿಕೆ ಸಂಸ್ಥೆ. ಬದಿಯಡ್ಕದಲ್ಲಿ ಮುಖ್ಯ ಅಂಗಡಿಯಿದೆ. ಕುಂಬಳೆಯಲ್ಲಿ ಮತ್ತು ಹೊಸಂಗಡಿಯಲ್ಲಿ ಒಂದೊಂದು ಶಾಖೆಯಿದೆ. ಜಿಎಸ್‌ಟಿಯ ಲೆಕ್ಕ ಟ್ಯಾಲಿಯಲ್ಲಿ ನಡೆಯುತ್ತದೆ. ತೂಕದ ಚೀಟಿ, ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು ಎಂದು ದರ್ಜೆವಾರು ದಾಸ್ತಾನು, ಕೃಷಿಕರ ಬಾಕಿ ಇವೆಲ್ಲ ಹತ್ತು ವರ್ಷಗಳ ಹಿಂದೆ ಬರೆಸಿಕೊಂಡ ತಂತ್ರಾಂಶದಲ್ಲಿವೆ. ಕಳೆದ ಮಳೆಗಾಲದಲ್ಲಿ ಸಿಡಿಲು ಬಡಿದು ಅದರ ಸರ್ವರ್ ಸುಟ್ಟುಹೋಯಿತು. ಹನ್ನೊಂದು ದಿನಗಳ ಖರೀದಿಯನ್ನು ಚೀಟಿಗಳಿಂದ ಹೆಕ್ಕಿ ಮತ್ತೆ ಬರೆಯಬೇಕಾಯಿತು. ಈಗ ಎಲ್ಲವನ್ನೂ ಕ್ಲೌಡಿಗೆ (ಇಂಟರ್ನೆಟ್ ಮೂಲಕ ಬಳಸುವ ಬಾಡಿಗೆ ಸರ್ವರುಗಳಿಗೆ) ಸಾಗಿಸಬೇಕೆಂದು ಪಾಲುದಾರರ ಅಭಿಪ್ರಾಯ. ಮಗ ಅಮೆಜಾನ್ ಎನ್ನುತ್ತಾನೆ, ನಮ್ಮ ಆಡಿಟರು ಮೈಕ್ರೋಸಾಫ್ಟ್ ಎನ್ನುತ್ತಾರೆ, ಕಂಪ್ಯೂಟರ್ ಒದಗಿಸುವವರು ಗೂಗಲ್ ಎನ್ನುತ್ತಾರೆ. ಇವುಗಳಲ್ಲಿ ಒಳ್ಳೆಯದು ಯಾವುದೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ (ಮಂಗಳೂರಿನಲ್ಲಿ ಕ್ಲೌಡ್ ಎಂಜಿನಿಯರ್ ಆಗಿರುವ, ಪೆರ್ಲ ಮೂಲದ ಸದಸ್ಯರು):

ಅಣ್ಣಾ, ಮೂರೂ ಒಳ್ಳೆಯವೇ. ನಿಮಗೆ ಯಾವುದು ಹೊಂದುತ್ತದೆಂದು ಹೇಳುವ ಮೊದಲು ಕೆಲವು ಸಂಗತಿ ತಿಳಿಯಬೇಕು. ತಂತ್ರಾಂಶ ಓಡುವುದು ವಿಂಡೋಸಿನಲ್ಲೋ ಲಿನಕ್ಸಿನಲ್ಲೋ, ಡೇಟಾಬೇಸ್ ಯಾವುದು ಮತ್ತು ಎಷ್ಟು ದೊಡ್ಡದು, ಏಕಕಾಲಕ್ಕೆ ಎಷ್ಟು ಮಂದಿ ಬಳಸುತ್ತಾರೆ, ಮಳೆಗಾಲದಲ್ಲಿ ಇಂಟರ್ನೆಟ್ ಎಷ್ಟರಮಟ್ಟಿಗೆ ನಿಲ್ಲುತ್ತದೆ, ಇದನ್ನೆಲ್ಲ ನೋಡಿಕೊಳ್ಳುವವರು ಯಾರು?

ಪ್ರಶ್ನಿಸಿದವರು:

ವಿಂಡೋಸ್ ಸರ್ವರ್, ಡೇಟಾಬೇಸ್ ಎಸ್‌ಕ್ಯುಎಲ್ ಸರ್ವರ್ 2014. ಸ್ಕ್ಯಾನ್ ಮಾಡಿದ ಚೀಟಿಗಳೂ ಸೇರಿ ಒಟ್ಟು 60 ಜಿಬಿ. ಏಳು ಮಂದಿ ಬಳಸುತ್ತಾರೆ. ಫೈಬರ್ ಇದೆ, ಆದರೆ ಜೂನ್, ಜುಲೈಯಲ್ಲಿ ಮರ ಬಿದ್ದರೆ ಅರ್ಧ ದಿನ ಇಲ್ಲ. ಕುಂಬಳೆಯ ಒಬ್ಬ ಹುಡುಗ ವಾರಕ್ಕೆರಡು ಸಲ ಬಂದು ನೋಡುತ್ತಾನೆ. ಅವನಿಗೆ ವಿಂಡೋಸ್ ಚೆನ್ನಾಗಿ ಗೊತ್ತು, ಲಿನಕ್ಸ್ ಗೊತ್ತಿಲ್ಲ.

ಉತ್ತರ:

ನಿಮ್ಮ ಆಯ್ಕೆಯನ್ನು ಆ ಹುಡುಗನೂ ಎಸ್‌ಕ್ಯುಎಲ್ ಸರ್ವರ್ 2014 ಸೇರಿ ಹೆಚ್ಚುಕಡಿಮೆ ತೀರ್ಮಾನಿಸಿಬಿಟ್ಟಿದ್ದಾರೆ. ಆ ಆವೃತ್ತಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2024ರ ಜುಲೈಯಲ್ಲಿ ಮುಗಿದಿದೆ. ಅನಂತರದ ಭದ್ರತಾ ಪರಿಷ್ಕರಣೆಗಳು ಬೇಕೆಂದರೆ ಬೇರೆಲ್ಲ ಕಡೆ ಪ್ರತ್ಯೇಕವಾಗಿ ಹಣ ತೆರಬೇಕು. ಅದೇ ಡೇಟಾಬೇಸನ್ನು ಮೈಕ್ರೋಸಾಫ್ಟಿನದೇ ಕ್ಲೌಡ್ ಆದ ಅಜೂರಿನ ಯಂತ್ರದ ಮೇಲೆ ಇರಿಸಿದರೆ ಅವು 2027ರ ಜುಲೈವರೆಗೆ ಹೆಚ್ಚುವರಿ ಶುಲ್ಕವಿಲ್ಲದೆ ದೊರೆಯುತ್ತವೆ. ತಂತ್ರಾಂಶವನ್ನು ಹೊಸದಾಗಿ ಬರೆಸಲು ನಿಮಗೆ ಅಷ್ಟು ಕಾಲಾವಕಾಶ ಸಿಕ್ಕಂತಾಯಿತು. ಹಳೆಯ ಲೈಸೆನ್ಸ್ ತೋರಿಸಿ ಅಜೂರಿನಲ್ಲಿ ರಿಯಾಯಿತಿ ಪಡೆಯಬಹುದೆಂದು ಯಾರಾದರೂ ಹೇಳಿದರೆ, ಆ ಸೌಲಭ್ಯವಿರುವುದು ಚಾಲ್ತಿಯಲ್ಲಿರುವ ಸಾಫ್ಟ್‌ವೇರ್ ಅಶ್ಯೂರೆನ್ಸ್ (ಲೈಸೆನ್ಸಿನ ಜತೆ ಹಣ ತೆತ್ತು ಪಡೆಯುವ ಮೈಕ್ರೋಸಾಫ್ಟ್ ಒಪ್ಪಂದ) ಅಥವಾ ಚಂದಾ ಉಳ್ಳವರಿಗೆ ಮಾತ್ರ ಎಂಬುದನ್ನು ನೆನಪಿನಲ್ಲಿಡಿ. ಒಮ್ಮೆ ಕೊಂಡು ಸುಮ್ಮನಾದ ಲೈಸೆನ್ಸಿಗೆ ಅದು ಅನ್ವಯಿಸದು.

ಆದರೆ ಎಲ್ಲವನ್ನೂ ಸಾಗಿಸುವ ನಿಮ್ಮ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಕೃಷಿಕರು ಜೀಪಿನಲ್ಲಿ ಗೋಣಿ ತಂದು ತಕ್ಕಡಿಯ ಮುಂದೆ ನಿಂತಿರುವಾಗ ಇಂಟರ್ನೆಟ್ ಇಲ್ಲವೆಂದು ಅವರನ್ನು ಕಾಯಿಸಲಾಗದು. ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಮೇಲೆ ಮೋಡ ಕವಿದ ದಿನವೇ ನಮ್ಮೂರಿನಲ್ಲಿ ಕ್ಲೌಡ್ ಕೈಗೆ ಸಿಗುವುದಿಲ್ಲ ಎಂಬುದು ಹಾಸ್ಯವಲ್ಲ. ಆದ್ದರಿಂದ ತೂಕದ ಮತ್ತು ದಾಸ್ತಾನಿನ ತಂತ್ರಾಂಶ ಸದ್ಯಕ್ಕೆ ಅಂಗಡಿಯ ಸರ್ವರಿನಲ್ಲಿಯೇ ಇರಲಿ. ಅದಕ್ಕೆ ಒಳ್ಳೆಯ ಯುಪಿಎಸ್, ಸರಿಯಾದ ಅರ್ತಿಂಗ್ ಮತ್ತು ಸಿಡಿಲು ತಡೆಯುವ ಸಾಧನ ಹಾಕಿಸಿ. ಪ್ರತಿರಾತ್ರಿ ಡೇಟಾಬೇಸಿನ ಬ್ಯಾಕಪ್ ಮಾತ್ರ ಕ್ಲೌಡಿಗೆ ಹೋಗಲಿ. ನೀವು ಕಳೆದುಕೊಂಡದ್ದು ಹನ್ನೊಂದು ದಿನಗಳ ಲೆಕ್ಕ, ಅದರ ಪರಿಹಾರವಿರುವುದು ಬ್ಯಾಕಪ್ಪಿನಲ್ಲಿ. ಎರಡನೆಯ ಹಂತದಲ್ಲಿ, ಶಾಖೆಗಳು ಒಂದೇ ಡೇಟಾಬೇಸ್ ಬಳಸಬೇಕೆಂದಾಗ ಸರ್ವರನ್ನು ಅಜೂರಿಗೆ ಒಯ್ಯಬಹುದು; ಅಷ್ಟರೊಳಗೆ ಎರಡನೆಯ ಇಂಟರ್ನೆಟ್ ಸಂಪರ್ಕವನ್ನೂ ಹಾಕಿಸಿರಬೇಕು.

ಊರಿನ ಮಾತು ಬಂದಾಗ ಅಂತರವೂ ನೆನಪಾಗುತ್ತದೆ. ಅಮೆಜಾನಿನ ಡೇಟಾ ಕೇಂದ್ರ ಮುಂಬಯಿಯಲ್ಲಿ 2016ರಿಂದ ಮತ್ತು ಹೈದರಾಬಾದಿನಲ್ಲಿ 2022ರಿಂದ ಇದೆ. ಗೂಗಲಿನದು ಮುಂಬಯಿಯಲ್ಲಿ 2017ರಿಂದ, ದೆಹಲಿಯಲ್ಲಿ 2021ರಿಂದ. ಅಜೂರ್ 2015ರಲ್ಲಿ ಪುಣೆ, ಮುಂಬಯಿ, ಚೆನ್ನೈಗಳಲ್ಲಿ ಆರಂಭವಾಯಿತು. ನಕಾಶೆಯಲ್ಲಿ ಚೆನ್ನೈ ಹತ್ತಿರವೆಂದು ಅದನ್ನು ಆರಿಸಬೇಡಿ, ಪುಣೆಯಲ್ಲಿ ದೊರೆಯುವ ಎಲ್ಲ ಸೇವೆಗಳು ಅಲ್ಲಿ ದೊರೆಯುವುದಿಲ್ಲ. ಪುಣೆಯನ್ನು ಆರಿಸಿ, ಬ್ಯಾಕಪ್ಪಿಗೆ ಜಿಯೋ ಪ್ರತಿಯ (ದೂರದ ಇನ್ನೊಂದು ಕೇಂದ್ರದಲ್ಲಿಯೂ ಪ್ರತಿ ಇಡುವ) ಆಯ್ಕೆಯನ್ನು ಗುರುತಿಸಿದರೆ ಇನ್ನೊಂದು ಪ್ರತಿ ತಾನಾಗಿಯೇ ಚೆನ್ನೈಯಲ್ಲಿ ಕೂರುತ್ತದೆ.

ಖರ್ಚಿನ ವಿಷಯದಲ್ಲಿ ಮೂರರ ದರಪಟ್ಟಿಯನ್ನು ಹೋಲಿಸುತ್ತ ಕೂರುವುದು ನಿಮ್ಮ ಗಾತ್ರದ ಸಂಸ್ಥೆಗೆ ವ್ಯರ್ಥ ಶ್ರಮ. ಬಿಲ್ಲು ಏರುವುದು ದರದಿಂದಲ್ಲ, ಮರೆವಿನಿಂದ. ಅಜೂರಿನ ವಿಂಡೋಸ್ ಯಂತ್ರವನ್ನು ಅದರೊಳಗಿನ ಶಟ್‌ಡೌನ್ ಒತ್ತಿ ನಿಲ್ಲಿಸಿದರೆ ಬಾಡಿಗೆ ನಿಲ್ಲುವುದಿಲ್ಲ. ಅಜೂರಿನ ಪೋರ್ಟಲಿನಿಂದಲೇ (ಖಾತೆ ನಿರ್ವಹಿಸುವ ಜಾಲತಾಣ) ನಿಲ್ಲಿಸಿ, 'ಡೀಅಲೊಕೇಟೆಡ್' ಎಂದು ಕಾಣಿಸಿದ ಮೇಲೆ ಯಂತ್ರದ ಬಾಡಿಗೆ ನಿಲ್ಲುತ್ತದೆ, ಡಿಸ್ಕಿನ ಬಾಡಿಗೆ ಆಗಲೂ ಓಡುತ್ತಲೇ ಇರುತ್ತದೆ. ಹೀಗೆ ನಿಲ್ಲಿಸಿದೆನೆಂದುಕೊಂಡು ನಾಲ್ಕು ತಿಂಗಳ ಬಾಡಿಗೆ ಕಟ್ಟಿದ ಗ್ರಾಹಕರೊಬ್ಬರು ನನಗಿದ್ದಾರೆ, ಆ ಯಂತ್ರ ಸಿದ್ಧಪಡಿಸಿಕೊಟ್ಟವನು ನಾನೇ ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಬಜೆಟ್ ಎಚ್ಚರಿಕೆಯನ್ನು ಇಟ್ಟುಕೊಳ್ಳಿ, ಆದರೆ ಅದು ಇಮೇಲ್ ಕಳುಹಿಸುತ್ತದೆಯೇ ಹೊರತು ತಾನಾಗಿ ಯಂತ್ರವನ್ನು ನಿಲ್ಲಿಸುವುದಿಲ್ಲ.

ಬ್ಯಾಕಪ್ಪನ್ನು ಅತ್ಯಂತ ಅಗ್ಗದ ಆರ್ಕೈವ್ ದರ್ಜೆಯಲ್ಲಿಡುವ ಆಸೆ ಬರಬಹುದು. ಅಜೂರಿನ ಆ ದರ್ಜೆಯಲ್ಲಿ ಕಡತವನ್ನು 180 ದಿನಗಳಿಗಿಂತ ಮುಂಚೆ ಅಳಿಸಿದರೂ ಉಳಿದ ದಿನಗಳ ಶುಲ್ಕ ಬೀಳುತ್ತದೆ. ಮರಳಿ ಪಡೆಯಲು 15 ಗಂಟೆಗಳವರೆಗೆ ಕಾಯಬೇಕಾಗಬಹುದು. (ಗೂಗಲಿನ ಆರ್ಕೈವ್ ದರ್ಜೆಯಿಂದ ಕಡತ ತಕ್ಷಣ ದೊರೆಯುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು, ಆದರೆ ಅಲ್ಲಿ ಕನಿಷ್ಠ ಅವಧಿ 365 ದಿನ.) ಆದ್ದರಿಂದ ಕಳೆದ ಒಂದು ತಿಂಗಳ ಪ್ರತಿಗಳು ಸಾಮಾನ್ಯ ದರ್ಜೆಯಲ್ಲಿರಲಿ, ವರ್ಷಾಂತ್ಯದ ಪ್ರತಿಗಳಷ್ಟೇ ಆರ್ಕೈವಿಗೆ ಹೋಗಲಿ. ಜಿಎಸ್‌ಟಿ ಕಾಯಿದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾದಿರಿಸಬೇಕಾಗಿರುವುದರಿಂದ ಅವು ಹೇಗೂ ಬೇಕಾಗುತ್ತವೆ.

ಕುಂಬಳೆಯ ಸದಸ್ಯರು:

ನಾವು ಕೈಮಗ್ಗದ ಕಾಸರಗೋಡು ಸೀರೆಗಳನ್ನು ನಮ್ಮದೇ ಜಾಲತಾಣದ ಮೂಲಕ ಮಾರುತ್ತೇವೆ. ತಾಣ ಲಿನಕ್ಸ್ ಮತ್ತು ಮೈಎಸ್‌ಕ್ಯುಎಲ್ ಮೇಲಿದೆ. ನಾವೂ ಅಜೂರಿಗೆ ಹೋಗಬೇಕೆ?

ಉತ್ತರ:

ಬೇಡ ಅಕ್ಕಾ. ನಿಮಗೆ ಮೈಕ್ರೋಸಾಫ್ಟಿನ ಹಂಗಿಲ್ಲ. ಅಮೆಜಾನಿನ ಮುಂಬಯಿ ಕೇಂದ್ರದಲ್ಲಿ ಲೈಟ್‌ಸೇಲ್ ಎಂಬ ಸರಳ ಸೇವೆಯಿದೆ. ಯಂತ್ರ, ಡಿಸ್ಕ್ ಮತ್ತು ನಿಗದಿತ ಪ್ರಮಾಣದ ಡೇಟಾ ಸಾಗಣೆ ಎಲ್ಲ ಸೇರಿ ತಿಂಗಳಿಗೆ ಒಂದೇ ದರ. ಸೀರೆಯ ದೊಡ್ಡ ದೊಡ್ಡ ಚಿತ್ರಗಳನ್ನು ಸಾವಿರಾರು ಜನ ನೋಡುವಾಗ ಖರ್ಚಾಗುವುದು ಹೊರಹೋಗುವ ಡೇಟಾಕ್ಕೆ. ದರ ಮೊದಲೇ ಗೊತ್ತಿದ್ದರೆ ಓಣಂ ತಿಂಗಳಲ್ಲಿ ಬಿಲ್ಲು ನೋಡಿ ಬೆಚ್ಚಿಬೀಳುವ ಪ್ರಮೇಯ ಕಡಿಮೆ.

ಮಂಜೇಶ್ವರದ ಸದಸ್ಯರು:

ಟ್ಯಾಲಿಯನ್ನಾದರೂ ಕ್ಲೌಡಿನ ಒಂದು ವಿಂಡೋಸ್ ಯಂತ್ರದಲ್ಲಿ ಹಾಕಿ, ಮೂರು ಶಾಖೆಯವರೂ ರಿಮೋಟ್ ಡೆಸ್ಕ್‌ಟಾಪ್ ಮೂಲಕ (ಆ ಯಂತ್ರದ ಪರದೆಯನ್ನು ದೂರದಿಂದಲೇ ತೆರೆದು) ಬಳಸಬಹುದಲ್ಲವೇ? ನಾವು ಹಾಗೆಯೇ ಮಾಡಿದ್ದೇವೆ.

ಉತ್ತರ:

ಮಾಡಬಹುದು, ಆದರೆ ಎರಡು ತೊಡಕುಗಳಿವೆ. ವಿಂಡೋಸ್ ಸರ್ವರಿನಲ್ಲಿ ಏಕಕಾಲಕ್ಕೆ ಇಬ್ಬರು ಪ್ರವೇಶಿಸಲು ಸಿಗುವ ಅನುಮತಿ ಆಡಳಿತದ ಕೆಲಸಕ್ಕೆ ಮಾತ್ರ. ದಿನನಿತ್ಯ ಏಳು ಮಂದಿ ಬಳಸಬೇಕಾದರೆ ಪ್ರತ್ಯೇಕ ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ಬೇಕು, ಯಂತ್ರದ ಬಾಡಿಗೆಯಲ್ಲಿ ಅದು ಸೇರಿರುವುದಿಲ್ಲ. ಎರಡನೆಯದು ಇದಕ್ಕಿಂತ ಗಂಭೀರ. ನಿಮ್ಮ ಯಂತ್ರದಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲಾದ 3389ನೆಯ ಪೋರ್ಟನ್ನು ಇಡೀ ಲೋಕಕ್ಕೆ ತೆರೆದಿಟ್ಟಿದ್ದರೆ ಇಂದೇ ಮುಚ್ಚಿಸಿ, ವಿಪಿಎನ್ (ನಿಮ್ಮವರಿಗೆ ಮಾತ್ರ ತೆರೆಯುವ ಖಾಸಗಿ ಸಂಪರ್ಕ) ಮೂಲಕ ಮಾತ್ರ ಪ್ರವೇಶ ಕೊಡಿ. ಕಡತಗಳನ್ನು ಬೀಗ ಹಾಕಿ ಹಣ ಕೇಳುವವರು ಮೊದಲು ತಟ್ಟುವ ಬಾಗಿಲುಗಳಲ್ಲಿ ಅದೂ ಒಂದು, ಅಮೆಜಾನ್, ಅಜೂರ್, ಗೂಗಲ್ ಎಂಬ ಭೇದವನ್ನು ಅವರು ಮಾಡುವುದಿಲ್ಲ. ಇದೇ ಕಾರಣಕ್ಕೆ ಬ್ಯಾಕಪ್ ಇಡುವಲ್ಲಿ ನಿಗದಿತ ದಿನಗಳವರೆಗೆ ಯಾರೂ ಅಳಿಸಲಾಗದಂತೆ ಮಾಡುವ ವ್ಯವಸ್ಥೆಯನ್ನು ಚಾಲನೆಗೊಳಿಸಬೇಕು. ಅದು ಮೂರರಲ್ಲಿಯೂ ಇದೆ.

ಪ್ರಶ್ನಿಸಿದವರು:

ತುಂಬ ಉಪಕಾರವಾಯಿತು. ಖಾತೆಯನ್ನು ಆ ಹುಡುಗನ ಜಿಮೇಲಿನಲ್ಲಿಯೇ ತೆರೆಯಬಹುದೇ? ಹಣ ನನ್ನ ಕಾರ್ಡಿನಿಂದ ಕಟ್ಟುತ್ತೇನೆ.

ಉತ್ತರ:

ಖಂಡಿತ ಬೇಡ. ಹುಡುಗ ನಾಳೆ ಗಲ್ಫಿಗೆ ಹೋದರೆ ನಿಮ್ಮ ಲೆಕ್ಕವೂ ಅವನ ಮೊಬೈಲಿನೊಂದಿಗೆ ವಿಮಾನ ಹತ್ತುತ್ತದೆ. ಖಾತೆ ಸಂಸ್ಥೆಯ ಹೆಸರಿನ ಇಮೇಲಿನಲ್ಲಿರಲಿ, ಎರಡು ಹಂತದ ಪರಿಶೀಲನೆ ಪಾಲುದಾರರೊಬ್ಬರ ಮೊಬೈಲಿನಲ್ಲಿರಲಿ. ಹುಡುಗನಿಗೆ ಸೀಮಿತ ಅಧಿಕಾರದ ಬೇರೆ ಲಾಗಿನ್ ಕೊಡಿ. ಖಾತೆ ತೆರೆಯುವಾಗಲೇ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸಿದರೆ ಬಿಲ್ಲಿನ ಮೇಲಿನ 18% ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಲು ಆಡಿಟರಿಗೆ ಸುಲಭ. ಕಾರ್ಡಿನಿಂದ ತಾನಾಗಿ ಕಡಿತವಾಗುವ ಮೊತ್ತ ₹15,000 ದಾಟಿದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿಸಲ ಒಟಿಪಿ ಬೇಕಾಗುತ್ತದೆ. ಬ್ಯಾಕಪ್ ಮಾತ್ರ ಇರುವವರೆಗೆ ನಿಮ್ಮ ಬಿಲ್ಲು ಅದರ ಹತ್ತಿರವೂ ಸುಳಿಯದು.

ಮೇ ಕೊನೆಯ ಪತ್ತನಾಜೆಗೆ ಮುಂಚೆ ಬರುವ ಒಂದು ಭಾನುವಾರ ಅಂಗಡಿಯ ಸರ್ವರನ್ನು ಮುಟ್ಟದೆ, ಕ್ಲೌಡಿನಲ್ಲಿರುವ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿಗೆ ಇಳಿಸಿ, ಮಾರ್ಚ್ 31ರ ಚಾಲಿಯ ದಾಸ್ತಾನು ನಿಮ್ಮ ಪುಸ್ತಕದೊಂದಿಗೆ ತಾಳೆಯಾಗುತ್ತದೆಯೇ ಎಂದು ಹುಡುಗನ ಪಕ್ಕದಲ್ಲಿ ಕುಳಿತು ನೋಡಿ. ತಾಳೆಯಾಗದಿದ್ದರೆ ಇಲ್ಲಿಯೇ ಬರೆಯಿರಿ.