ಸರಾಸರಿ 4 ಎಂಬಿಪಿಎಸ್ ಅಷ್ಟೇ ಅಂತೆ, ಹಂಗಾದ್ರೆ ವಿಡಿಯೋ ಕಾಲ್ ಯಾಕೆ ನಿಂತೋಗುತ್ತೆ?

ಪ್ರಶ್ನೆ: ಮೇಡಂ ನಮಸ್ಕಾರ. ರಾಜಾಜಿನಗರದಲ್ಲಿ ನಮ್ದೊಂದು ಚಿಕ್ಕ ಆಫೀಸು, 14 ಜನ, 100 ಎಂಬಿಪಿಎಸ್ ಲೈನು. ಬೆಳಿಗ್ಗೆ ಹತ್ತರ ಮೀಟಿಂಗಲ್ಲಿ ವಿಡಿಯೋ ಒಂದೊಂದ್ಸಲ ಹಂಗೇ ಫ್ರೀಜ್ ಆಗ್ಬಿಡುತ್ತೆ, ಆಮೇಲೆ ತಾನಾಗೇ ಸರಿಹೋಗುತ್ತೆ, ಲೈನ್ ಕೊಟ್ಟೋರನ್ನ ಕೇಳಿದ್ರೆ ನಮ್ ಕಡೆ ಎಲ್ಲಾ ಸರಿಯಿದೆ ಅಂತಾರೆ. ಸ್ವಿಚ್ಚಲ್ಲಿ ಮಿರರ್ ಪೋರ್ಟ್ (ಹೋಗಿಬರೋ ಡೇಟಾದ ನಕಲು ಕೊಡೋ ಪೋರ್ಟು) ಹಾಕಿ, ಪ್ಯಾಕೆಟ್ ಅಂದ್ರೆ ಡೇಟಾದ ಚಿಕ್ಕ ತುಂಡುಗಳನ್ನ ಹಿಡಿದಿಡೋ ಟಿಸಿಪಿಡಂಪಲ್ಲಿ ಕ್ಯಾಪ್ಚರ್ ತಗೊಂಡು, ಅದರ ಸಾರಾಂಶ ಕೊಡೋ ಕ್ಯಾಪ್‌ಇನ್ಫೋಸ್ ಓಡಿಸ್ದೆ. ಚೂರು ರೌಂಡ್ ಮಾಡಿ ಹಾಕ್ತಿದೀನಿ:

ಪ್ಯಾಕೆಟ್ 4,80,000
ಅವಧಿ 600 ಸೆಕೆಂಡ್
ಡೇಟಾ 30 ಕೋಟಿ ಬೈಟ್, ಫೈಲ್ 30.77 ಕೋಟಿ ಬೈಟ್
ಸರಾಸರಿ ಪ್ಯಾಕೆಟ್ 625 ಬೈಟ್
ಬಿಟ್ ರೇಟ್ 4 ಎಂಬಿಪಿಎಸ್

ನೂರರಲ್ಲಿ ನಾಲ್ಕೇ ಬಳಸ್ತಿದೀವಿ, ಅಂದ್ರೆ ತಪ್ಪು ಲೈನಿಂದೇ ಅಲ್ವಾ? ಮತ್ತೆ ಫೈಲು ಡೇಟಾಗಿಂತ ದೊಡ್ಡದಿದೆಯಲ್ಲ, ಏನಾದ್ರೂ ಕೆಟ್ಟಿದೆಯಾ?

ಉತ್ತರ: ನಮಸ್ಕಾರ ಸರ್. ಫೈಲ್ ಸೈಜ್ ಮೊದ್ಲು ಮುಗಿಸ್ಬಿಡೋಣ, ಅದೇನೂ ಅಲ್ಲ. ಪೀಕ್ಯಾಪ್ ಫೈಲಲ್ಲಿ (ಕ್ಯಾಪ್ಚರ್ ಉಳಿಯೋ ಫೈಲು) ಶುರುಗೆ 24 ಬೈಟ್, ಆಮೇಲೆ ಒಂದೊಂದು ಪ್ಯಾಕೆಟ್‌ಗೂ 16 ಬೈಟ್ ತಲೆಬರಹ ಇರುತ್ತೆ. 4,80,000 ಸಲ 16, ಅಂದ್ರೆ 76.8 ಲಕ್ಷ, ನಿಮ್ ವ್ಯತ್ಯಾಸ ಅದೇ.

ಈಗ ಆ 4 ಎಂಬಿಪಿಎಸ್. ನಮ್ ಬೀದೀಲಿ ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಎರಡು ಗಂಟೆ ಬರುತ್ತೆ, ಅದನ್ನ 48 ಗಂಟೆಗೆ ಹಂಚಿಬಿಟ್ರೆ ನಲ್ಲಿ ಸದಾ ಸಣ್ಣಗೆ ಸುರೀತಾನೇ ಇದೆ ಅಂತ ಲೆಕ್ಕ ಬರುತ್ತೆ, ಸಂಪು ತುಂಬ್ಸೋರ್ಗೆ ಆ ಲೆಕ್ಕದಿಂದ ಏನುಪಯೋಗ ಹೇಳಿ! ನಿಮ್ದೂ ಅಷ್ಟೇ. 600 ಸೆಕೆಂಡಲ್ಲಿ ಹೋಗಿರೋದು ಒಟ್ಟು 2,400 ಮೆಗಾಬಿಟ್. ಯಾರೋ 20 ಸೆಕೆಂಡ್ ಪೂರ್ತಿ 100ರಲ್ಲಿ ಓಡಿಸಿದ್ರೆ ಅಲ್ಲೇ 2,000 ಖಾಲಿ, ಉಳಿದ 580 ಸೆಕೆಂಡ್‌ಗೆ ಒಂದು ಎಂಬಿಪಿಎಸ್ಸೂ ಬೀಳಲ್ಲ, ಆದ್ರೂ ಸರಾಸರಿ ನಾಲ್ಕೇ ತೋರ್ಸುತ್ತೆ. ಆ 20 ಸೆಕೆಂಡಲ್ಲಿ ರೂಟರ್ ಕ್ಯೂ (ಹೊರಗೆ ಹೋಗೋಕೆ ಕಾಯೋ ಪ್ಯಾಕೆಟ್ ಸಾಲು) ತುಂಬಿರುತ್ತೆ, ನಿಮ್ ವಿಡಿಯೋ ಪ್ಯಾಕೆಟ್ ಅದರ ಹಿಂದೆ ನಿಂತಿರುತ್ತೆ.

625 ಬೈಟೂ ಹಂಗೇ, ಆ ಸೈಜಿನ ಪ್ಯಾಕೆಟ್ ಹುಡುಕಿದ್ರೆ ಒಂದೂ ಸಿಗ್ದೇ ಇರ್ಬೋದು. ಸಾಮಾನ್ಯವಾಗಿ 1,514 ಬೈಟಿನ ತುಂಬಿದ ಪ್ಯಾಕೆಟ್ ಒಂದು ಗುಂಪು, 60-70 ಬೈಟಿನ ಬರೀ ಆಕ್ (ಡೇಟಾ ಸಿಕ್ತು ಅಂತ ಹೇಳೋ ಉತ್ತರ) ಇನ್ನೊಂದು ಗುಂಪು, ಮಧ್ಯದ ನಂಬರ್ ಬರೀ ಲೆಕ್ಕದ್ದು.

ವೈರ್‌ಶಾರ್ಕಲ್ಲಿ (ಕ್ಯಾಪ್ಚರ್ ಬಿಡಿಸಿ ನೋಡೋ ಸಾಫ್ಟ್‌ವೇರು) ಐಓ ಗ್ರಾಫ್ ತೆಗೀರಿ, ಯಾವ ಹೊತ್ತಲ್ಲಿ ಎಷ್ಟು ಡೇಟಾ ಹೋಯ್ತು ಅಂತ ಅದ್ರಲ್ಲಿ ಕಾಣುತ್ತೆ, ವೈ ಆಕ್ಸಿಸ್ ಪ್ಯಾಕೆಟ್ ಅಂತಿರುತ್ತೆ, ಬಿಟ್ಸ್‌ಗೆ ಬದಲಾಯಿಸಿ, ಇಂಟರ್ವಲ್ 1 ಸೆಕೆಂಡ್ ಇಡಿ. ಹಾಂ, ಟಿಸಿಪಿಡಂಪ್ ನಿಲ್ಸಿದಾಗ ಕೊನೇಲಿ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಎಷ್ಟು ಪ್ಯಾಕೆಟ್ ಡ್ರಾಪ್ ಮಾಡ್ತು, ಅಂದ್ರೆ ಹಿಡೀದೇ ಬಿಟ್ಬಿಡ್ತು ಅಂತ ಬಂದಿರುತ್ತಲ್ಲ, ಅದು ಸೊನ್ನೆನಾ? ಇಲ್ಲಾಂದ್ರೆ ಈ ಲೆಕ್ಕ ಎಲ್ಲಾನೂ ಕಮ್ಮಿನೇ.

ಪ್ರಶ್ನೆ: ಡ್ರಾಪ್ ಸೊನ್ನೆ ಮೇಡಂ. ಗ್ರಾಫಲ್ಲಿ 10:12ಕ್ಕೆ ಗೋಡೆ ಕಟ್ಟಿದಂಗೆ 95ಕ್ಕೆ ಹೋಗಿ 20 ಸೆಕೆಂಡ್ ಅಲ್ಲೇ ನಿಂತಿದೆ! ಕಾನ್ವರ್ಸೇಶನ್ಸಲ್ಲಿ (ಎಲ್ಲಿಂದ ಎಲ್ಲಿಗೆ ಎಷ್ಟು ಹೋಯ್ತು ಅನ್ನೋ ಪಟ್ಟಿ) ಬೈಟ್ಸ್ ಮೇಲೆ ಸಾರ್ಟ್ ಮಾಡ್ದೆ, ಒಂದೇ ಐಪಿಯಿಂದ ಹೊರಗೆ ಅಪ್‌ಲೋಡು. ಕ್ಲೌಡ್ ಬ್ಯಾಕಪ್ಪು. ಸಿಸ್ಟಮ್ ಯಾರ್ದು ಅಂತ ಮಾತ್ರ ಕೇಳ್ಬೇಡಿ.

ಉತ್ತರ: ಗೊತ್ತಾಯ್ತು ಬಿಡಿ 😄 ಬ್ಯಾಕಪ್ ಸೆಟಿಂಗಲ್ಲಿ ಅಪ್‌ಲೋಡ್‌ಗೆ 20 ಎಂಬಿಪಿಎಸ್ ಮಿತಿ ಹಾಕಿ, ಇಲ್ಲಾ ರಾತ್ರಿಗೆ ತಳ್ಳಿ. ನಾಳೆ ಮೀಟಿಂಗ್ ಹೊತ್ತಿಗೇ ಇನ್ನೊಂದ್ ಹತ್ತು ನಿಮಿಷ ಕ್ಯಾಪ್ಚರ್ ತಗೊಂಡು ಗ್ರಾಫ್ ನೋಡಿ, ಗೋಡೆ ಇಲ್ದೇನೂ ವಿಡಿಯೋ ನಿಂತ್ರೆ ಆಗ ಲೈನ್‌ನೋರ ಹತ್ರ ಜಗಳ ಆಡೋಕೆ ನಿಮ್ ಕೈಲಿ ಕಾಗದ ಇರುತ್ತೆ.